ಅಮೋನಿಯಾ, ಹಬೆ, ತೇವದ ಗಾಳಿ: ಕೂಲ್‌ಪ್ರಾಪ್ ಬಳಸಿ ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

ಕಾಸರಗೋಡಿನ ಕಡಲ ಬದಿಯ ಐಸ್ ಪ್ಲಾಂಟುಗಳಲ್ಲಿ ಅಮೋನಿಯಾ, ಗೇರುಬೀಜದ ಫ್ಯಾಕ್ಟರಿಗಳಲ್ಲಿ ಹಬೆ, ಬದಿಯಡ್ಕ, ಮುಳ್ಳೇರಿಯ ಕಡೆಯ ತೋಟಗಳ ಕೊಬ್ಬರಿ ಡ್ರೈಯರಿನಲ್ಲಿ ಬಿಸಿಗಾಳಿ. ಕೆಲಸ ಬೇರೆ ಬೇರೆಯಾದರೂ ಬೇಕಾಗುವ ಲೆಕ್ಕ ಒಂದೇ ಜಾತಿಯದು: ಇಷ್ಟು ಒತ್ತಡ, ಇಷ್ಟು ಉಷ್ಣತೆ ಇದ್ದರೆ ಎಂಥಾಲ್ಪಿ (ವಸ್ತು ಹೊತ್ತಿರುವ ಶಾಖದ ಲೆಕ್ಕ) ಎಷ್ಟು, ಸಾಂದ್ರತೆ ಎಷ್ಟು, ಎಷ್ಟು ಪಾಲು ಆವಿ, ಎಷ್ಟು ಪಾಲು ದ್ರವ? ಇದಕ್ಕೆ ಡಾಟಾ ಬುಕ್ಕಿನ ಕೋಷ್ಟಕ ತೆರೆದು, ಎರಡು ಸಾಲುಗಳ ನಡುವೆ ಇಂಟರ್‌ಪೊಲೇಶನ್ ಮಾಡುವುದು ಪರೀಕ್ಷೆಗೆ ಸಾಕು. ಒಂದೇ ಲೆಕ್ಕವನ್ನು ಹತ್ತು ಒತ್ತಡಗಳಿಗೆ ಮಾಡಬೇಕಾದಾಗ ಆ ದಾರಿ ಸಾಗದು.

ಕೂಲ್‌ಪ್ರಾಪ್ ಈ ಕೆಲಸದ ಉಚಿತ ತಂತ್ರಾಂಶ. ಎಂಐಟಿ ಪರವಾನಗಿಯಲ್ಲಿ ಬಿಡುಗಡೆಯಾಗಿರುವುದರಿಂದ ಫ್ಯಾಕ್ಟರಿ ಕೆಲಸಕ್ಕೂ ಅಡ್ಡಿಯಿಲ್ಲದೆ ಬಳಸಬಹುದು. ಇಯಾನ್ ಬೆಲ್ ಮತ್ತು ಸಂಗಡಿಗರು ಬೆಲ್ಜಿಯಂನ ಲಿಯೇಜ್ ವಿಶ್ವವಿದ್ಯಾಲಯದಲ್ಲಿ ಕಟ್ಟಿದ್ದು; ಅದನ್ನು ವಿವರಿಸುವ ಅವರ ಪ್ರಬಂಧ 2014ರಲ್ಲಿ ಬಂತು. ನೀರು, ಅಮೋನಿಯಾ, ಇಂಗಾಲದ ಡೈಆಕ್ಸೈಡ್, ಪ್ರೊಪೇನ್, ಫ್ರಿಜ್ಜಿನ ಅನಿಲ ಆರ್134ಎ ಸೇರಿ ನೂರಕ್ಕೂ ಹೆಚ್ಚು ದ್ರವಗಳು ಅದರಲ್ಲಿವೆ.

ಒಳಗೆ ನಡೆಯುವುದೇನೆಂದು ಒಂದು ಮಾತು ತಿಳಿದಿರಲಿ, ಮುಂದೆ ತಪ್ಪು ಹುಡುಕುವಾಗ ಉಪಯೋಗಕ್ಕೆ ಬರುತ್ತದೆ. ಪ್ರತಿ ದ್ರವಕ್ಕೂ ಹೆಲ್ಮ್‌ಹೋಲ್ಟ್ಸ್ ಶಕ್ತಿಯ ಒಂದು ಉದ್ದನೆಯ ಸಮೀಕರಣವಿದೆ. ಅದರಲ್ಲಿರುವುದು ಉಷ್ಣತೆ ಮತ್ತು ಸಾಂದ್ರತೆ ಎರಡೇ. ಒತ್ತಡ, ಎಂಥಾಲ್ಪಿ, ಎಂಟ್ರೊಪಿ ಎಲ್ಲವೂ ಅದರ ಅವಕಲನದಿಂದ ಬರುತ್ತವೆ. ನೀರಿಗೆ ಬಳಸುವುದು ಐಎಪಿಡಬ್ಲ್ಯುಎಸ್-95 ಸಮೀಕರಣ. ನೀವು ಒತ್ತಡ ಮತ್ತು ಎಂಥಾಲ್ಪಿ ಕೊಟ್ಟರೆ ತಂತ್ರಾಂಶ ಹಿಂದಕ್ಕೆ ಹೋಗಿ, ಸರಿಹೊಂದುವ ಉಷ್ಣತೆ ಮತ್ತು ಸಾಂದ್ರತೆಯನ್ನು ಹುಡುಕಬೇಕು. ಹಾಗಾಗಿ ಕೆಲವು ಜೋಡಿಗಳಿಗೆ ಉತ್ತರ ತಡವಾಗುತ್ತದೆ. ದ್ರವಕ್ಕೂ ಆವಿಗೂ ವ್ಯತ್ಯಾಸ ಅಳಿಸಿಹೋಗುವ ಕ್ರಾಂತಿಕ ಬಿಂದುವಿನ (ಕ್ರಿಟಿಕಲ್ ಪಾಯಿಂಟ್) ಹತ್ತಿರ ಒಮ್ಮೊಮ್ಮೆ ಉತ್ತರವೇ ಬರುವುದಿಲ್ಲ.

ಅಳವಡಿಕೆ

ಲ್ಯಾಪ್‌ಟಾಪ್ ಇದ್ದರೆ ಪೈಥಾನ್ ಹಾಕಿಕೊಂಡು, ಕಮಾಂಡ್ ಕಿಟಕಿಯಲ್ಲಿ ಒಂದು ಸಾಲು:

ಪಿಪ್ ಇನ್‌ಸ್ಟಾಲ್ ಕೂಲ್‌ಪ್ರಾಪ್

ಇಲ್ಲಿ ಕನ್ನಡದಲ್ಲಿ ಬರೆದಿರುವ ಆದೇಶಗಳನ್ನೆಲ್ಲ ಕೀಬೋರ್ಡಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತಬೇಕು. ಕೂಲ್‌ಪ್ರಾಪ್ ಎಂಬುದು ಸಿ-ಓ-ಓ-ಎಲ್-ಪಿ-ಆರ್-ಓ-ಪಿ, ನಡುವೆ ಜಾಗವಿಲ್ಲ. ಸಿ ಮತ್ತು ಮೊದಲ ಪಿ ದೊಡ್ಡಕ್ಷರ. ಪಿಪ್ ಸಣ್ಣಕ್ಷರವನ್ನೂ ಒಪ್ಪುತ್ತದೆ, ಆದರೆ ಇಂಪೋರ್ಟ್ ಸಾಲು ಒಪ್ಪುವುದಿಲ್ಲ.

ಲ್ಯಾಪ್‌ಟಾಪ್ ಇಲ್ಲದ ವಿದ್ಯಾರ್ಥಿಗೆ ಗೂಗಲ್ ಕೊಲ್ಯಾಬ್ ಸಾಕು, ಮೊಬೈಲ್ ಬ್ರೌಸರಿನಲ್ಲೇ ತೆರೆಯುತ್ತದೆ. ಅಲ್ಲಿ ಅದೇ ಸಾಲಿನ ಮುಂದೆ ಒಂದು ಆಶ್ಚರ್ಯಸೂಚಕ ಚಿಹ್ನೆ ಹಾಕಬೇಕು. ಪ್ರತಿ ಹೊಸ ಸೆಷನ್‌ನಲ್ಲೂ ಮತ್ತೆ ಇನ್‌ಸ್ಟಾಲ್ ಮಾಡಬೇಕಾಗುತ್ತದೆ; ನಿನ್ನೆ ಓಡಿದ್ದು ಇಂದು ಓಡದಿದ್ದರೆ ಮೊದಲು ನೋಡಬೇಕಾದ್ದು ಇದನ್ನೇ. ಮೊಬೈಲಿನಲ್ಲಿ ಇನ್ನೊಂದು ತೊಡಕಿದೆ. ಕೆಲವು ಕೀಬೋರ್ಡುಗಳು ನೇರ ಉದ್ಧರಣ ಚಿಹ್ನೆಯನ್ನು ಬಾಗಿದ ಚಿಹ್ನೆಯಾಗಿ ಬದಲಿಸುತ್ತವೆ. ಪೈಥಾನಿಗೆ ಅದು ಬೇರೆ ಅಕ್ಷರವೇ ಆದ್ದರಿಂದ ಸಿಂಟ್ಯಾಕ್ಸ್ ಎರರ್ ಬರುತ್ತದೆ.

ನಂತರ:

ಫ್ರಮ್ ಕೂಲ್‌ಪ್ರಾಪ್.ಕೂಲ್‌ಪ್ರಾಪ್ ಇಂಪೋರ್ಟ್ ಪ್ರಾಪ್ಸ್‌ಎಸ್‌ಐ, ಎಚ್‌ಎಪ್ರಾಪ್ಸ್‌ಎಸ್‌ಐ

ಪ್ರಾಪ್ಸ್‌ಎಸ್‌ಐಯಲ್ಲಿ ಮೊದಲ ಪಿ, ಕೊನೆಯ ಎಸ್ ಮತ್ತು ಐ ದೊಡ್ಡಕ್ಷರ. ಎರಡನೆಯದರ ಆರಂಭದ ಎಚ್, ಎ ಕೂಡ. ಎಕ್ಸೆಲ್ ಬಳಸುವವರಿಗೆ ಆಡ್-ಇನ್ ಇದೆ, ಫಂಕ್ಷನ್ ಹೆಸರುಗಳು ಇವೇ.

ಮೊದಲ ಪ್ರಶ್ನೆ, ಮೊದಲ ಪರೀಕ್ಷೆ

ಪ್ರಾಪ್ಸ್‌ಎಸ್‌ಐ('ಟಿ', 'ಪಿ', 101325, 'ಕ್ಯೂ', 0, 'ವಾಟರ್')

ಆವರಣದೊಳಗೆ ಆರು ಸಂಗತಿ. ಮೊದಲನೆಯದು ನಿಮಗೆ ಬೇಕಾದ್ದು, ಇಲ್ಲಿ ಉಷ್ಣತೆ. ಆಮೇಲೆ ನಿಮಗೆ ಗೊತ್ತಿರುವ ಎರಡು ಗುಣ, ಒಂದೊಂದಕ್ಕೂ ಅಕ್ಷರ ಮತ್ತು ಬೆಲೆ. ಕೊನೆಗೆ ದ್ರವದ ಹೆಸರು. ಟಿ ಉಷ್ಣತೆ ಕೆಲ್ವಿನ್‌ನಲ್ಲಿ, ಪಿ ಒತ್ತಡ ಪ್ಯಾಸ್ಕಲ್‌ನಲ್ಲಿ, ಎಚ್ ಎಂಥಾಲ್ಪಿ ಕೆಜಿಗೆ ಜೂಲ್, ಎಸ್ ಎಂಟ್ರೊಪಿ, ಡಿ ಸಾಂದ್ರತೆ, ಸಿ ಸ್ಥಿರ ಒತ್ತಡದ ವಿಶಿಷ್ಟೋಷ್ಣ. ಕ್ಯೂ ಎಂದರೆ ಆವಿಯ ಪಾಲು: ಪೂರ್ತಿ ದ್ರವಕ್ಕೆ 0, ಒಣ ಹಬೆಗೆ 1.

ಉತ್ತರ 373.124 ಬರಬೇಕು. 273.15 ಕಳೆದರೆ 99.97 ಡಿಗ್ರಿ ಸೆಲ್ಸಿಯಸ್. 100 ಬರಲಿಲ್ಲವೆಂದು ಗಾಬರಿ ಬೇಡ. ಇಂದಿನ ಅಂತರರಾಷ್ಟ್ರೀಯ ಉಷ್ಣತಾ ಮಾಪಕದಲ್ಲಿ ನೀರಿನ ಕುದಿಬಿಂದು ಅಷ್ಟೇ. ಈ ಸಂಖ್ಯೆ ಬಂದರೆ ನಿಮ್ಮ ಅಳವಡಿಕೆ ಸರಿಯಾಗಿದೆ. ಇನ್ನೊಂದು ಪರೀಕ್ಷೆ: 298.15 ಕೆಲ್ವಿನ್, 101325 ಪ್ಯಾಸ್ಕಲ್‌ಗೆ ನೀರಿನ ಡಿ ಕೇಳಿ, 997.05 ಆಸುಪಾಸು ಬರಬೇಕು.

ಗೇಜ್ ಒತ್ತಡದಲ್ಲಿ ಕಾಲು ಜಾರುವ ಬಗೆ

ಈ ತಂತ್ರಾಂಶ ಬಳಸುವವರು ಅತಿ ಹೆಚ್ಚು ಎಡವುವುದು ಇಲ್ಲಿ. ಕೂಲ್‌ಪ್ರಾಪ್‌ಗೆ ಬೇಕಾದ್ದು ನಿರಪೇಕ್ಷ ಒತ್ತಡ. ಬಾಯ್ಲರಿನ ಮೇಲಿನ ಗೇಜ್ ತೋರಿಸುವುದು ವಾತಾವರಣಕ್ಕಿಂತ ಎಷ್ಟು ಹೆಚ್ಚೆಂದು ಮಾತ್ರ. ಫ್ಯಾಕ್ಟರಿಯಲ್ಲಿ ‘ಏಳು ಕೆಜಿ ಪ್ರೆಷರ್’ ಎಂದರೆ ಚದರ ಸೆಂಟಿಮೀಟರಿಗೆ 7 ಕೆಜಿ, ಅದೂ ಗೇಜಿನಲ್ಲಿ. ಅದನ್ನು ಪ್ಯಾಸ್ಕಲ್‌ಗೆ ತರುವುದು ಹೀಗೆ:

7 × 98066.5 + 101325 = 7,87,790

ಈ ಒತ್ತಡಕ್ಕೆ, ಕ್ಯೂ 1 ಇಟ್ಟು ಉಷ್ಣತೆ ಕೇಳಿದರೆ ಸುಮಾರು 170 ಡಿಗ್ರಿ ಸೆಲ್ಸಿಯಸ್ ಬರುತ್ತದೆ. 101325 ಕೂಡಿಸಲು ಮರೆತರೆ 164. ಐದಾರು ಡಿಗ್ರಿಯ ವ್ಯತ್ಯಾಸ ಕಣ್ಣಿಗೆ ಕುಕ್ಕುವಷ್ಟು ದೊಡ್ಡದಲ್ಲ. ಹಾಗಾಗಿಯೇ ಅದು ಯಾರಿಗೂ ಕಾಣದೆ ಲೆಕ್ಕದ ಕೊನೆಯವರೆಗೂ ಹೋಗುತ್ತದೆ. ಕಡಿಮೆ ಒತ್ತಡದಲ್ಲಿ ತಪ್ಪು ಇನ್ನೂ ದೊಡ್ಡದು: ಗೇಜಿನಲ್ಲಿ ಒಂದು ಕೆಜಿ ಇರುವಾಗ ವಾತಾವರಣವನ್ನು ಬಿಟ್ಟರೆ ಒತ್ತಡ ಅರ್ಧಕ್ಕರ್ಧ ತಪ್ಪುತ್ತದೆ. ಗೇಜ್ ಪಿಎಸ್‌ಐಯಲ್ಲಿದ್ದರೆ 6894.76ರಿಂದ ಗುಣಿಸಿ, ಆಮೇಲೆ ವಾತಾವರಣ ಕೂಡಿಸಿ.

101325 ಎಂಬುದು ಸಮುದ್ರ ಮಟ್ಟದ ಲೆಕ್ಕ. ಕಾಸರಗೋಡು, ಕುಂಬಳೆ, ಮಂಜೇಶ್ವರಕ್ಕೆ ಅದು ಸರಿ. ತಮಿಳುನಾಡಿನ ಹೊಸೂರಿನಲ್ಲಿ ಇದೇ ಕೆಲಸ ಮಾಡುವವರು ಊರು ಸುಮಾರು 900 ಮೀಟರ್ ಎತ್ತರದಲ್ಲಿದೆ ಎಂಬುದನ್ನು ನೆನಪಿಡಬೇಕು. ಅಲ್ಲಿ ವಾತಾವರಣದ ಒತ್ತಡ 91,000 ಪ್ಯಾಸ್ಕಲ್ ಆಸುಪಾಸು, ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ.

ಬಾಯ್ಲರಿನ ಲೆಕ್ಕವನ್ನು ಮುಗಿಸಿಬಿಡೋಣ. 7,87,790 ಪ್ಯಾಸ್ಕಲ್‌ನಲ್ಲಿ ಒಣ ಹಬೆಯ ಎಂಥಾಲ್ಪಿ ಸುಮಾರು 2,768 ಕಿಲೋಜೂಲ್, 30 ಡಿಗ್ರಿಯ ಫೀಡ್ ನೀರಿನದು 126. ಹಾಗಾಗಿ ಒಂದು ಕೆಜಿ ಹಬೆಗೆ ಬಾಯ್ಲರ್ ಕೊಡಬೇಕಾದ ಶಾಖ 2,642 ಕಿಲೋಜೂಲ್. ತಂತ್ರಾಂಶ ಕೊಡುವುದು ಜೂಲ್‌ನಲ್ಲಿ, ಸಾವಿರದಿಂದ ಭಾಗಿಸುವುದು ನಿಮ್ಮ ಕೆಲಸ. ಹಬೆ ಒಣದಾಗಿರದೆ ಹನಿ ಹೊತ್ತು ಬರುತ್ತಿದ್ದರೆ ಕ್ಯೂ ಬೆಲೆ 0.95 ಇಟ್ಟು ನೋಡಿ. ಕೆಜಿಗೆ ನೂರು ಕಿಲೋಜೂಲ್‌ನಷ್ಟು ಕಡಿಮೆಯಾಗುತ್ತದೆ.

ಐಸ್ ಪ್ಲಾಂಟಿನ ಅಮೋನಿಯಾ ಚಕ್ರ, ಹಂತ ಹಂತವಾಗಿ

ಇವಾಪೊರೇಟರ್ (ಅಮೋನಿಯಾ ಕುದಿದು ಶಾಖ ಎಳೆಯುವ ಭಾಗ) ಮೈನಸ್ 15 ಡಿಗ್ರಿ, ಕಂಡೆನ್ಸರ್ (ಅದು ಶಾಖ ಬಿಟ್ಟು ಮತ್ತೆ ದ್ರವವಾಗುವ ಭಾಗ) 40 ಡಿಗ್ರಿ ಎಂದಿಟ್ಟುಕೊಳ್ಳಿ. ಕರಾವಳಿಯ ಬಿಸಿ, ತೇವದ ಹವೆಯಲ್ಲಿ ಕಂಡೆನ್ಸರಿಗೆ ಇದು ನಂಬಬಹುದಾದ ಅಂಕಿ. ಪುಸ್ತಕಗಳು ಕೊಡುವ 30 ಡಿಗ್ರಿಯನ್ನು ಇಲ್ಲಿ ಇಟ್ಟುಕೊಂಡರೆ ಕಂಪ್ರೆಸರ್ ಚಿಕ್ಕದಾಗುತ್ತದೆ.

ಯಾವುದೇ ಲೆಕ್ಕಕ್ಕೆ ಮೊದಲು ಆಧಾರ ಸ್ಥಿತಿ ಗೊತ್ತು ಮಾಡಿ. ಎಂಥಾಲ್ಪಿಗೆ ಸ್ವಂತ ಸೊನ್ನೆ ಇಲ್ಲ, ಎಲ್ಲಿಂದ ಎಣಿಸಬೇಕೆಂದು ನಾವೇ ಹೇಳಬೇಕು. ಐಐಆರ್ (ಅಂತರರಾಷ್ಟ್ರೀಯ ಶೈತ್ಯೀಕರಣ ಸಂಸ್ಥೆ) ಪದ್ಧತಿಯಲ್ಲಿ 0 ಡಿಗ್ರಿಯ ಸಂತೃಪ್ತ, ಅಂದರೆ ಕುದಿಯುವ ಅಂಚಿನಲ್ಲಿರುವ ದ್ರವಕ್ಕೆ ಕೆಜಿಗೆ 200 ಕಿಲೋಜೂಲ್. ಆಶ್ರೇ (ಅಮೆರಿಕದ ಶೈತ್ಯೀಕರಣ ಎಂಜಿನಿಯರುಗಳ ಸಂಘ) ಪದ್ಧತಿಯಲ್ಲಿ ಮೈನಸ್ 40 ಡಿಗ್ರಿಯ ಸಂತೃಪ್ತ ದ್ರವಕ್ಕೆ ಸೊನ್ನೆ. ಕಾಲೇಜಿನ ಚಾರ್ಟಿಗೂ ಕೂಲ್‌ಪ್ರಾಪ್‌ಗೂ ತಾಳೆಯಾಗದೆ, ಎಲ್ಲ ಬೆಲೆಗಳಲ್ಲೂ ಒಂದೇ ಅಂತರ ಕಂಡರೆ ಕಾರಣ ಇದು. ಸೆಟ್_ರೆಫರೆನ್ಸ್_ಸ್ಟೇಟ್ ಎಂಬ ಫಂಕ್ಷನನ್ನೂ ಇಂಪೋರ್ಟ್ ಮಾಡಿ, ಹೀಗೆ ಕೊಡಿ:

ಸೆಟ್_ರೆಫರೆನ್ಸ್_ಸ್ಟೇಟ್('ಅಮೋನಿಯಾ', 'ಐಐಆರ್')

ಕಡತದ ಮೇಲ್ಭಾಗದಲ್ಲೇ, ಒಂದೇ ಸಲ. ನಡುವೆ ಬದಲಿಸಿದರೆ ಹಳೆಯ ಎಚ್1 ಒಂದು ಸೊನ್ನೆಯಿಂದ, ಹೊಸ ಎಚ್2 ಇನ್ನೊಂದು ಸೊನ್ನೆಯಿಂದ ಎಣಿಸಿದಂತಾಗಿ ಕಳೆಯುವ ಲೆಕ್ಕವೇ ಹಾಳಾಗುತ್ತದೆ.

ಈಗ ಸಾಲುಗಳು (1 ಎಂದರೆ ಕಂಪ್ರೆಸರಿಗೆ ಒಳಹೋಗುವ ಆವಿ, 2 ಅದರಿಂದ ಹೊರಬರುವ ಆವಿ, 3 ಕಂಡೆನ್ಸರಿನಿಂದ ಹೊರಬರುವ ದ್ರವ):

ಪಿ1 = ಪ್ರಾಪ್ಸ್‌ಎಸ್‌ಐ('ಪಿ', 'ಟಿ', 258.15, 'ಕ್ಯೂ', 1, 'ಅಮೋನಿಯಾ')
ಪಿ2 = ಪ್ರಾಪ್ಸ್‌ಎಸ್‌ಐ('ಪಿ', 'ಟಿ', 313.15, 'ಕ್ಯೂ', 0, 'ಅಮೋನಿಯಾ')
ಎಚ್1 = ಪ್ರಾಪ್ಸ್‌ಎಸ್‌ಐ('ಎಚ್', 'ಪಿ', ಪಿ1, 'ಕ್ಯೂ', 1, 'ಅಮೋನಿಯಾ')
ಎಸ್1 = ಪ್ರಾಪ್ಸ್‌ಎಸ್‌ಐ('ಎಸ್', 'ಪಿ', ಪಿ1, 'ಕ್ಯೂ', 1, 'ಅಮೋನಿಯಾ')
ಎಚ್2ಎಸ್ = ಪ್ರಾಪ್ಸ್‌ಎಸ್‌ಐ('ಎಚ್', 'ಪಿ', ಪಿ2, 'ಎಸ್', ಎಸ್1, 'ಅಮೋನಿಯಾ')
ಎಚ್3 = ಪ್ರಾಪ್ಸ್‌ಎಸ್‌ಐ('ಎಚ್', 'ಪಿ', ಪಿ2, 'ಕ್ಯೂ', 0, 'ಅಮೋನಿಯಾ')

ಪಿ1 ಸುಮಾರು 2.36 ಬಾರ್, ಪಿ2 ಸುಮಾರು 15.55 ಬಾರ್ ಬರಬೇಕು, ಎರಡೂ ನಿರಪೇಕ್ಷ. ಇಲ್ಲಿ ಲೆಕ್ಕ ನಿಲ್ಲಿಸಿ, ಯಂತ್ರದ ಬಳಿ ಹೋಗಿ ಗೇಜ್ ನೋಡಿ. 2.36 ಬಾರ್ ಎಂದರೆ ಸಕ್ಷನ್ ಗೇಜಿನಲ್ಲಿ ಸುಮಾರು 20 ಪಿಎಸ್‌ಐ, 15.55 ಎಂದರೆ ಡಿಸ್ಚಾರ್ಜ್ ಗೇಜಿನಲ್ಲಿ 211. ಡಿಸ್ಚಾರ್ಜ್ ಗೇಜ್ 230 ತೋರಿಸುತ್ತಿದ್ದರೆ ನಿಮ್ಮ ಕಂಡೆನ್ಸರ್ 40ರಲ್ಲಿಲ್ಲ, ಅದಕ್ಕಿಂತ ಮೇಲಿದೆ, ಇಲ್ಲವೇ ವ್ಯವಸ್ಥೆಯೊಳಗೆ ಗಾಳಿ ಸೇರಿದೆ. ಗೇಜ್ ತೋರಿಸುವ ಒತ್ತಡಕ್ಕೆ ವಾತಾವರಣ ಕೂಡಿಸಿ ಕೊಟ್ಟು, ಬರುವ ಸಂತೃಪ್ತ ಉಷ್ಣತೆಯನ್ನು ಕಂಡೆನ್ಸರಿನಿಂದ ಹೊರಬರುವ ದ್ರವದ ಪೈಪಿನ ಉಷ್ಣತೆಯೊಂದಿಗೆ ಹೋಲಿಸಿ. ಪೈಪು ಬಹಳ ತಣ್ಣಗಿದ್ದು ಒತ್ತಡ ಮಾತ್ರ ಹೆಚ್ಚಿದ್ದರೆ ಗಾಳಿಯ ಮೇಲೆ ಸಂಶಯ ಪಡಬೇಕು.

ಎಚ್1 ಸುಮಾರು 1,444, ಎಚ್3 ಸುಮಾರು 390, ಎಚ್2ಎಸ್ ಸುಮಾರು 1,724 ಕಿಲೋಜೂಲ್. ಹಾಗಾಗಿ ಒಂದು ಕೆಜಿ ಅಮೋನಿಯಾ ಎಳೆದುಕೊಳ್ಳುವ ಶಾಖ 1,050 ಚಿಲ್ಲರೆ, ಆದರ್ಶ ಕಂಪ್ರೆಷನ್ ಕೆಲಸ 280ರ ಆಸುಪಾಸು, ಸಿಓಪಿ (ಎಳೆದ ಶಾಖವನ್ನು ಕೆಲಸದಿಂದ ಭಾಗಿಸಿದ್ದು) 3.7 ದಾಟುತ್ತದೆ. ನಿಜವಾದ ಯಂತ್ರಕ್ಕೆ ಈ ಆದರ್ಶ ಕೆಲಸವನ್ನು ಐಸೆಂಟ್ರೊಪಿಕ್ ದಕ್ಷತೆಯಿಂದ (ಆದರ್ಶ ಕೆಲಸಕ್ಕೂ ನಿಜವಾದ ಕೆಲಸಕ್ಕೂ ಇರುವ ಅನುಪಾತ, ಇಲ್ಲಿ 0.70) ಭಾಗಿಸಿ:

ಎಚ್2 = ಎಚ್1 + (ಎಚ್2ಎಸ್ − ಎಚ್1) / 0.70

ಈ ಎಚ್2 ಮತ್ತು ಪಿ2 ಕೊಟ್ಟು ಉಷ್ಣತೆ ಕೇಳಿದರೆ 160 ಡಿಗ್ರಿ ದಾಟುತ್ತದೆ. ಆದರ್ಶ ಲೆಕ್ಕದಲ್ಲಿ 120ರ ಆಸುಪಾಸಿತ್ತು. ಅಮೋನಿಯಾ ಕಂಪ್ರೆಸರಿನ ಹೆಡ್ಡಿಗೆ ನೀರಿನ ಜಾಕೆಟ್ ಯಾಕೆ ಬೇಕೆಂದು ಈ ಒಂದು ಸಂಖ್ಯೆಯಲ್ಲೇ ಗೊತ್ತಾಗುತ್ತದೆ. ಪಿ1 ಮತ್ತು ಎಚ್3 ಕೊಟ್ಟು ಕ್ಯೂ ಕೇಳಿ: ಸುಮಾರು 0.2. ಅಂದರೆ ಎಕ್ಸ್‌ಪಾನ್ಷನ್ ವಾಲ್ವ್ ದಾಟುವಷ್ಟರಲ್ಲೇ ಐದರಲ್ಲೊಂದು ಪಾಲು ಆವಿಯಾಗಿಬಿಟ್ಟಿದೆ.

ಇಲ್ಲೊಂದು ಗುಂಡಿ ಇದೆ. ಮೈನಸ್ 15 ಡಿಗ್ರಿಗೆ ಪಿ1 ತೆಗೆದು, ಮತ್ತೆ ಅದೇ 258.15 ಮತ್ತು ಅದೇ ಪಿ1 ಕೊಟ್ಟು ಎಂಥಾಲ್ಪಿ ಕೇಳಿದರೆ ವ್ಯಾಲ್ಯೂ ಎರರ್ ಬರುತ್ತದೆ. ಕುದಿಯುವ ಗೆರೆಯ ಮೇಲೆ ಒತ್ತಡ ಮತ್ತು ಉಷ್ಣತೆ ಎರಡು ಬೇರೆ ಸುದ್ದಿಗಳಲ್ಲ, ಒಂದು ಗೊತ್ತಾದರೆ ಇನ್ನೊಂದು ಗೊತ್ತಾದಂತೆಯೇ. ಆ ಉಷ್ಣತೆ ಮತ್ತು ಒತ್ತಡದಲ್ಲಿ ದ್ರವವೂ ಇರಬಹುದು, ಆವಿಯೂ ಇರಬಹುದು. ನಿಮಗೆ ಯಾವುದು ಬೇಕೆಂದು ತಂತ್ರಾಂಶಕ್ಕೆ ಗೊತ್ತಾಗುವುದಿಲ್ಲ. ಸಂತೃಪ್ತ ಸ್ಥಿತಿ ಬಂದಲ್ಲೆಲ್ಲ ಕ್ಯೂ ಬಳಸಿ. ಸಕ್ಷನ್ ಪೈಪಿನಲ್ಲಿ ಅಮೋನಿಯಾ ಕುದಿಬಿಂದುವಿಗಿಂತ ಐದಾರು ಡಿಗ್ರಿ ಹೆಚ್ಚು ಬಿಸಿಯಾಗಿ, ಅಂದರೆ ಸೂಪರ್‌ಹೀಟ್ ಆಗಿ ಬರುತ್ತಿದ್ದರೆ ಮಾತ್ರ ಟಿ ಮತ್ತು ಪಿ ಜೋಡಿ ಸರಿ.

ದಿನಕ್ಕೆ 10 ಟನ್ ಐಸ್ ಬೇಕು ಎನ್ನಿ. 30 ಡಿಗ್ರಿಯ ನೀರನ್ನು 0 ಡಿಗ್ರಿಗೆ ಇಳಿಸಲು ಕೆಜಿಗೆ 126 ಕಿಲೋಜೂಲ್, ಹೆಪ್ಪುಗಟ್ಟಲು 334, ಮೈನಸ್ 5ಕ್ಕೆ ಇಳಿಯಲು ಇನ್ನೊಂದು 10, ಒಟ್ಟು 470. ಇದರಲ್ಲಿ ಕೂಲ್‌ಪ್ರಾಪ್ ಕೊಡುವುದು ಮೊದಲನೆಯದನ್ನು ಮಾತ್ರ. ಪ್ರಾಪ್ಸ್‌ಎಸ್‌ಐಯ ನೀರು 273.16 ಕೆಲ್ವಿನ್‌ನಲ್ಲಿ ನಿಲ್ಲುತ್ತದೆ, ಅದಕ್ಕಿಂತ ಕೆಳಗೆ ಕೇಳಿದರೆ ಎರರ್. ಹಾಗಾಗಿ ಉಳಿದೆರಡನ್ನು ಕೈಯಿಂದ ಕೂಡಿಸಬೇಕು. 10,000 × 470 ಭಾಗಿಸು 86,400 ಎಂದರೆ 54.4 ಕಿಲೋವ್ಯಾಟ್, 15.5 ಟನ್ ರೆಫ್ರಿಜರೇಷನ್ (ತಣಿಸುವ ಸಾಮರ್ಥ್ಯದ ಅಳತೆ, ಐಸಿನ ತೂಕವಲ್ಲ). ಅಮೋನಿಯಾ ಗಂಟೆಗೆ ಸುಮಾರು 186 ಕೆಜಿ ಸುತ್ತಬೇಕು, ಕಂಪ್ರೆಸರಿಗೆ 0.70 ದಕ್ಷತೆಯಲ್ಲಿ 21 ಕಿಲೋವ್ಯಾಟ್ ಹತ್ತಿರ. ಬ್ರೈನ್ (ಐಸ್ ಕ್ಯಾನುಗಳನ್ನು ಮುಳುಗಿಸಿಡುವ ತಣ್ಣನೆಯ ಉಪ್ಪು ದ್ರಾವಣ) ಟ್ಯಾಂಕಿನ ಗೋಡೆಯಿಂದ ಒಳಬರುವ ಶಾಖ, ಅಜಿಟೇಟರ್ ಮೋಟರಿನ ಶಾಖ, ಐಸ್ ಕ್ಯಾನುಗಳ ಶಾಖ ಇದರಲ್ಲಿ ಸೇರಿಲ್ಲ. ಅವು ಪ್ಲಾಂಟಿನಿಂದ ಪ್ಲಾಂಟಿಗೆ ಬೇರೆ, ಅಳೆದೇ ಸೇರಿಸಬೇಕು.

ಬ್ರೈನಿಗೂ ಕೂಲ್‌ಪ್ರಾಪ್‌ನಲ್ಲಿ ಬೆಲೆಗಳಿವೆ. ಕ್ಯಾಲ್ಸಿಯಂ ಕ್ಲೋರೈಡಿಗೆ ಎಂಸಿಎ, ಉಪ್ಪು ನೀರಿಗೆ ಎಂಎನ್‌ಎ. ಹೆಸರು ಬರೆಯುವ ರೀತಿ 'ಇನ್‌ಕಾಂಪ್::ಎಂಸಿಎ[0.2]', ಆವರಣದಲ್ಲಿರುವುದು ತೂಕದ ಪಾಲು. ಇವುಗಳಿಗೆ ಒತ್ತಡ ಕೊಡಲೇಬೇಕು, ಜೊತೆಗೆ ಉಷ್ಣತೆ ಕೊಟ್ಟು ಕೇಳುವುದು ಸುಲಭ. ಆ ಸಾಂದ್ರಣದ ಬ್ರೈನ್ ಹೆಪ್ಪುಗಟ್ಟುವ ಉಷ್ಣತೆಗಿಂತ ಕೆಳಗೆ ಕೇಳಿದರೆ ಎರರ್ ಬರುತ್ತದೆ. ಆ ಎರರನ್ನು ಗಂಭೀರವಾಗಿ ತೆಗೆದುಕೊಳ್ಳಿ: ನಿಮ್ಮ ಟ್ಯಾಂಕಿನಲ್ಲೂ ಅದೇ ಆಗಲಿದೆ ಎಂದರ್ಥ. ಅಡುಗೆ ಉಪ್ಪಿನ ಬ್ರೈನ್ ಎಷ್ಟೇ ಗಟ್ಟಿ ಮಾಡಿದರೂ ಮೈನಸ್ 21ಕ್ಕಿಂತ ಕೆಳಗೆ ದ್ರವವಾಗಿ ಉಳಿಯದು.

ತೇವದ ಗಾಳಿ

ಡ್ರೈಯರಿನ ಲೆಕ್ಕಕ್ಕೆ ಎಚ್‌ಎಪ್ರಾಪ್ಸ್‌ಎಸ್‌ಐ. ಗಾಳಿಯಲ್ಲಿ ನೀರೂ ಇರುವುದರಿಂದ ಇಲ್ಲಿ ಎರಡಲ್ಲ, ಮೂರು ಗುಣ ಹೇಳಬೇಕು. ಮಳೆಗಾಲದ ಒಂದು ದಿನ 27 ಡಿಗ್ರಿ, 90 ಶೇಕಡಾ ಆರ್ದ್ರತೆ ಎಂದಿರಲಿ:

ಡಬ್ಲ್ಯು1 = ಎಚ್‌ಎಪ್ರಾಪ್ಸ್‌ಎಸ್‌ಐ('ಡಬ್ಲ್ಯು', 'ಟಿ', 300.15, 'ಪಿ', 101325, 'ಆರ್', 0.90)

ಆರ್ ಬೆಲೆ 0ಯಿಂದ 1ರೊಳಗೆ. 90 ಎಂದು ಕೊಟ್ಟರೆ ನಡೆಯದು. ಅಕ್ಷರಗಳೂ ಇಲ್ಲಿ ಅರ್ಥ ಬದಲಿಸುತ್ತವೆ: ಪ್ರಾಪ್ಸ್‌ಎಸ್‌ಐಯಲ್ಲಿ ಸಾಂದ್ರತೆಯಾಗಿದ್ದ ಡಿ ಇಲ್ಲಿ ಇಬ್ಬನಿ ಬಿಂದು. ಎಂಥಾಲ್ಪಿ ಬರುವುದು ಒಂದು ಕೆಜಿ ಒಣ ಗಾಳಿಗೆ, ಒಟ್ಟು ಗಾಳಿಗಲ್ಲ.

ಡಬ್ಲ್ಯು1 ಸುಮಾರು 0.0204, ಅಂದರೆ ಕೆಜಿ ಒಣ ಗಾಳಿಗೆ 20 ಗ್ರಾಂ ನೀರು. ಬಿಸಿ ಮಾಡಿದರೆ ಈ ನೀರು ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ಅದೇ ಡಬ್ಲ್ಯು1ನ್ನು 333.15 ಕೆಲ್ವಿನ್‌ಗೆ ಕೊಟ್ಟು ಆರ್ ಕೇಳಿದರೆ 0.16. 60 ಡಿಗ್ರಿಗೆ ಏರಿಸಿದ ಮಳೆಗಾಲದ ಗಾಳಿಯೂ ಚೆನ್ನಾಗಿ ಒಣಗಿಸಬಲ್ಲದು. 33 ಡಿಗ್ರಿ, 60 ಶೇಕಡಾ ಇರುವ ಬೇಸಿಗೆಯ ದಿನಕ್ಕೆ ಲೆಕ್ಕ ಹಾಕಿ ನೋಡಿ, 19 ಗ್ರಾಂ ಬರುತ್ತದೆ. ಕರಾವಳಿಯಲ್ಲಿ ಅಂತರ ಅಷ್ಟೇ. ಸೊಲ್ಲಾಪುರದ ಕಡೆ 38 ಡಿಗ್ರಿ, 20 ಶೇಕಡಾ ಇರುವ ದಿನ, ಒತ್ತಡ 96,000 ಪ್ಯಾಸ್ಕಲ್ ಇಟ್ಟರೆ 9 ಗ್ರಾಂ ಮಾತ್ರ. ಅಲ್ಲಿಗೆಂದು ಮಾಡಿದ ಡ್ರೈಯರಿನ ಅಂಕಿಅಂಶಗಳನ್ನು ಇಲ್ಲಿಗೆ ಹಾಗೆಯೇ ತರಬಾರದು.

ಹೊರಹೋಗುವ ಗಾಳಿ 42 ಡಿಗ್ರಿ, 50 ಶೇಕಡಾ ಅಳತೆಗೆ ಸಿಕ್ಕಿದರೆ ಡಬ್ಲ್ಯು2 ಸುಮಾರು 0.0263. ಕೆಜಿ ಗಾಳಿ 6 ಗ್ರಾಂ ನೀರು ಹೊತ್ತೊಯ್ಯುತ್ತಿದೆ. 100 ಕೆಜಿ ನೀರು ತೆಗೆಯಲು 17,000 ಕೆಜಿ ಒಣ ಗಾಳಿ ಬೇಕು, ಬಿಸಿ ಮಾಡಲು ಕೆಜಿಗೆ 34 ಕಿಲೋಜೂಲ್‌ನಂತೆ 580 ಮೆಗಾಜೂಲ್. ಫ್ಯಾನಿನ ಘನ ಮೀಟರಿಗೆ ತರಲು ವಿ (ಕೆಜಿ ಒಣ ಗಾಳಿಗೆ ಎಷ್ಟು ಘನ ಮೀಟರ್) ಕೇಳಿ: ತಣ್ಣನೆಯ ಗಾಳಿಗೆ 0.88, 60 ಡಿಗ್ರಿಯ ಗಾಳಿಗೆ 0.975. ಫ್ಯಾನ್ ಹೀಟರಿನ ಯಾವ ಬದಿಗಿದೆ ಎಂದು ನೋಡಿ ಗುಣಿಸಿ.

ಈಗ ಈ ಅಳತೆಯನ್ನೇ ಪರೀಕ್ಷಿಸುವ ಒಂದು ದಾರಿ, ನಮ್ಮ ಮಟ್ಟಿಗೆ ಇಡೀ ಲೆಕ್ಕದಲ್ಲಿ ಅತ್ಯಂತ ಬೆಲೆಯುಳ್ಳದ್ದು. ಒಳಹೋಗುವ ಬಿಸಿಗಾಳಿಯ ಎಂಥಾಲ್ಪಿ ಸುಮಾರು 114 ಕಿಲೋಜೂಲ್, ಹೊರಬರುವುದರದ್ದು 110. ನಾಲ್ಕು ಕಿಲೋಜೂಲ್ ಗೋಡೆಗೂ ಕೊಬ್ಬರಿಗೂ ಹೋಗಿದೆ, ಸರಿ. ಅದೇ ಆರ್ದ್ರತೆಯ ಮೀಟರ್ 50ರ ಬದಲು 55 ತೋರಿಸಿದ್ದರೆ ಹೊರಗಿನ ಎಂಥಾಲ್ಪಿ 117 ಆಗುತ್ತಿತ್ತು. ಒಳಗೆ ಬೇರೆ ಬೆಂಕಿ ಇಲ್ಲದೆ ಗಾಳಿ ಹೋದದ್ದಕ್ಕಿಂತ ಹೆಚ್ಚು ಶಾಖ ಹೊತ್ತು ಬರಲಾರದು. ಹಾಗೆ ಕಂಡರೆ ಮೀಟರ್ ತಪ್ಪು, ಇಲ್ಲವೇ ಅಳೆದ ಜಾಗ ತಪ್ಪು. ಬರಿಯ ನೀರಿನ ಲೆಕ್ಕ ನೋಡಿದ್ದರೆ ‘ಡ್ರೈಯರ್ ಚೆನ್ನಾಗಿದೆ’ ಎಂದೇ ತೋರುತ್ತಿತ್ತು.

ಕೂಲ್‌ಪ್ರಾಪ್ ನಿಲ್ಲುವ ಕಡೆ

ಸ್ನಿಗ್ಧತೆ ಮತ್ತು ಉಷ್ಣವಾಹಕತೆಯ ಸಮೀಕರಣ ಎಲ್ಲ ದ್ರವಗಳಿಗೂ ಇಲ್ಲ. ಇಲ್ಲದ್ದಕ್ಕೆ ಕೇಳಿದರೆ ಎರರ್ ಬರುತ್ತದೆ. ಎಲ್‌ಪಿಜಿಯಂಥ ಮಿಶ್ರಣಗಳನ್ನು ಮೋಲ್ ಪಾಲು ಕೊಟ್ಟು ಲೆಕ್ಕ ಮಾಡಬಹುದು, ಆದರೆ ಕುದಿಯುವ ಗೆರೆಯ ಬಳಿ ಉತ್ತರ ಸಿಗದಿರುವುದುಂಟು. ಸಾವಿರಾರು ಬಿಂದುಗಳ ಲೆಕ್ಕಕ್ಕೆ ಪ್ರಾಪ್ಸ್‌ಎಸ್‌ಐ ನಿಧಾನ, ಆಬ್‌ಸ್ಟ್ರಾಕ್ಟ್‌ಸ್ಟೇಟ್ ಎಂಬ ಕೆಳಹಂತದ ದಾರಿ ಹಿಡಿಯಬೇಕು.

ಇನ್ನು ನಮ್ಮ ಕಡೆಯವರು ಖಂಡಿತ ಕೇಳುವ ಗೇರು ಎಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ. ಅದು ಕೂಲ್‌ಪ್ರಾಪ್‌ನಲ್ಲಿ ಇಲ್ಲ. ಅದರ ಪಟ್ಟಿಯಲ್ಲಿಲ್ಲದ ಶುದ್ಧ ರಾಸಾಯನಿಕಗಳಿಗೆ ಪೈಥಾನಿನಲ್ಲೇ ‘ಕೆಮಿಕಲ್ಸ್’ ಮತ್ತು ‘ಥರ್ಮೋ’ ಎಂಬ ಎರಡು ಉಚಿತ ಲೈಬ್ರರಿಗಳಿವೆ. ಸಿಎಎಸ್ ಸಂಖ್ಯೆ (ಪ್ರತಿ ರಾಸಾಯನಿಕಕ್ಕೂ ಇರುವ ಗುರುತು ಸಂಖ್ಯೆ) ಕೊಟ್ಟರೆ ಅಳೆದ ಬೆಲೆಗಳನ್ನು ಹುಡುಕುತ್ತವೆ; ಜೋಬ್ಯಾಕ್ ವಿಧಾನದಿಂದ ಅಣುವಿನ ಭಾಗಗಳನ್ನು ಕೂಡಿಸಿ ಕುದಿಬಿಂದು, ವಿಶಿಷ್ಟೋಷ್ಣವನ್ನು ಅಂದಾಜು ಮಾಡಲೂ ಬರುತ್ತದೆ. ಗೇರು ಎಣ್ಣೆಯಲ್ಲಿರುವುದು ಉದ್ದ ಸರಪಳಿಯ ಫೀನಾಲುಗಳ ಮಿಶ್ರಣ, ಬಿಸಿ ಮಾಡಿದಾಗ ಅನಕಾರ್ಡಿಕ್ ಆಮ್ಲ ಇಂಗಾಲದ ಡೈಆಕ್ಸೈಡ್ ಬಿಟ್ಟು ಕಾರ್ಡನಾಲ್ ಆಗುತ್ತದೆ. ಬಿಸಿ ಮಾಡುತ್ತಿರುವಾಗಲೇ ಬದಲಾಗುವ ವಸ್ತುವಿಗೆ ಅಂದಾಜಿನ ಸಮೀಕರಣ ನಂಬಿ ಪಂಪು, ಹೀಟರ್ ಕೊಳ್ಳಬೇಡಿ. ನಿಮ್ಮ ಫ್ಯಾಕ್ಟರಿಯ ಎಣ್ಣೆಯದೇ ಸ್ಯಾಂಪಲ್ ತೆಗೆದು, ಕೆಲಸ ನಡೆಯುವ ಉಷ್ಣತೆಯಲ್ಲೇ ಸ್ನಿಗ್ಧತೆ ಮತ್ತು ಸಾಂದ್ರತೆಯನ್ನು ಲ್ಯಾಬಿನಲ್ಲಿ ಅಳೆಸಿ.